ಕೀಲುನೋವೆಲ್ಲ ‘ವಾಯು’ವಲ್ಲ: ದೇಹವೇ ದೇಹದ ಮೇಲೆ ತಿರುಗಿಬೀಳುವ ವಾತರೋಗಗಳು ಹುಟ್ಟುವ ಬಗೆ

ರಾಯಚೂರು ನಗರದ ಆಸ್ಪತ್ರೆಗಳಿಗೆ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಂದ ಬರುವವರ ದೂರುಗಳಲ್ಲಿ ಕೀಲುನೋವು ಸಾಮಾನ್ಯವಾದುದು. ಈ ನೋವುಗಳಿಗೆಲ್ಲ ಜನರ ಬಾಯಲ್ಲಿ ಇರುವುದು ‘ವಾಯು’ ಎಂಬ ಒಂದೇ ಹೆಸರು. ವಯಸ್ಸಾಗಿ ಸವೆದ ಮೊಣಕಾಲಿನ ನೋವೂ ವಾಯು, ಕೊಳವೆಬಾವಿಯ ನೀರು ಕುಡಿದು ಬಿಗಿದ ಬೆನ್ನಿನ ನೋವೂ ವಾಯು, ಚಿಕೂನ್‌ಗುನ್ಯ ಜ್ವರ ಬಿಟ್ಟುಹೋದ ನೋವೂ ವಾಯುವೇ. ಇವುಗಳ ನಡುವೆ ಇನ್ನೊಂದು ಬಗೆಯ ನೋವು ಅಡಗಿರುತ್ತದೆ. ಬೆಳಗ್ಗೆ ಎದ್ದಾಗ ಬೆರಳುಗಳು ಮಡಚಿಕೊಳ್ಳುವುದಿಲ್ಲ. ರೊಟ್ಟಿ ತಟ್ಟಲು ಅಂಗೈ ಊರಿದರೆ ಮಣಿಕಟ್ಟು ಚುಚ್ಚುತ್ತದೆ. ಹೊತ್ತೇರಿದಂತೆ ಬಿಗಿತ ಸಡಿಲವಾಗುತ್ತದೆ, ಮರುದಿನ ಮತ್ತೆ ಅದೇ ಕಥೆ. ಇದು ರುಮಟಾಯ್ಡ್ ಸಂಧಿವಾತ. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ದಾಳಿ ಮಾಡುವುದರಿಂದ ಉಂಟಾಗುವ ಈ ಕಾಯಿಲೆಗಳನ್ನು ಸ್ವಯಂನಿರೋಧಕ ರೋಗಗಳೆಂದು ಕರೆಯಲಾಗುತ್ತದೆ.

ವಯಸ್ಕರಲ್ಲಿ ಶೇಕಡಾ 0.5ರಿಂದ 1ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತ ಇರುತ್ತದೆ ಎಂಬುದು ಜಗತ್ತಿನ ಹಲವು ದೇಶಗಳ ಸಮೀಕ್ಷೆಗಳಿಂದ ತಿಳಿದುಬರುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು. ಭತ್ತದ ನಾಟಿ, ಹತ್ತಿ ಬಿಡಿಸುವುದು, ರೊಟ್ಟಿ ತಟ್ಟುವುದು ಎಲ್ಲವೂ ಬೆರಳುಗಳ ಮೇಲೆಯೇ ನಿಂತಿರುವ ಈ ಸೀಮೆಯಲ್ಲಿ ಕೈ ಸೊರಗಿತೆಂದರೆ ಮನೆಯ ಕೂಲಿಯೂ ನಿಂತಿತೆಂದೇ ಅರ್ಥ. ಆದರೆ ಕೆಲಸದ ಭಾರದಿಂದ ಈ ರೋಗ ಬರುವುದಿಲ್ಲ. ಅದು ಬರುವ ದಾರಿ ಬೇರೆ. ಆ ದಾರಿ ಬೆರಳು ಊದುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಆರಂಭವಾಗಿರುತ್ತದೆ.

ತನ್ನದು ಯಾವುದು, ಅನ್ಯವಾವುದು

ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ 20ನೇ ಶತಮಾನದ ಆರಂಭದಲ್ಲಿ, ದೇಹವು ತನ್ನನ್ನೇ ತಾನು ನಾಶಪಡಿಸಿಕೊಳ್ಳಲು ಸಾಮಾನ್ಯವಾಗಿ ಮುಂದಾಗದು, ಅದನ್ನು ತಡೆಯುವ ಏರ್ಪಾಡು ದೇಹದಲ್ಲೇ ಇರಬೇಕು ಎಂದು ಪ್ರತಿಪಾದಿಸಿದ್ದರು. ಅವರ ಮಾತನ್ನು ಮುಂದಿನವರು ‘ಸ್ವಯಂನಿರೋಧಕ ರೋಗ ಅಸಾಧ್ಯ’ ಎಂದು ಅರ್ಥಮಾಡಿಕೊಂಡರು. ಹಾಗಾಗಿ ಈ ಕ್ಷೇತ್ರದ ಸಂಶೋಧನೆ ದಶಕಗಟ್ಟಲೆ ಹಿಂದುಳಿಯಿತು. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಸಂಧಿವಾತದ ರೋಗಿಯ ರಕ್ತದಲ್ಲಿ ವಿಚಿತ್ರ ಪ್ರತಿಕಾಯವೊಂದನ್ನು ಕಂಡರು. ಇಂದು ಎಲ್ಲ ಪ್ರಯೋಗಾಲಯಗಳೂ ಅಳೆಯುವ ‘ಆರ್‌ಎ ಫ್ಯಾಕ್ಟರ್’ ಅದೇ. 1956ರಲ್ಲಿ ಅಮೆರಿಕದ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್ಸ್ಕಿ ಮೊಲಗಳಲ್ಲಿ ಅವುಗಳದೇ ಥೈರಾಯ್ಡ್ ಗ್ರಂಥಿಯ ವಿರುದ್ಧ ಪ್ರತಿರೋಧವನ್ನು ಹುಟ್ಟಿಸಿ ತೋರಿಸಿದ ಮೇಲೆ ಸಂದೇಹಕ್ಕೆ ಆಸ್ಪದ ಉಳಿಯಲಿಲ್ಲ.

ಎದೆಮೂಳೆಯ ಹಿಂಬದಿಯಲ್ಲಿ ಥೈಮಸ್ ಎಂಬ ಪುಟ್ಟ ಗ್ರಂಥಿಯಿದೆ. ರೋಗನಿರೋಧಕ ಪಡೆಯ ‘ಟಿ’ ಕೋಶಗಳು ಬಲಿಯುವುದು ಇಲ್ಲಿಯೇ. ದೇಹದ ಸ್ವಂತ ಪ್ರೋಟೀನುಗಳನ್ನು ಶತ್ರುವೆಂದು ಬಲವಾಗಿ ಹಿಡಿಯುವ ಕೋಶಗಳು ಇಲ್ಲಿ ನಾಶವಾಗುತ್ತವೆ. ಆದರೆ ಈ ಜರಡಿಯಲ್ಲಿ ಕಣ್ಣುತಪ್ಪಿಸಿ ಹೊರಬರುವ ಕೋಶಗಳು ಪ್ರತಿಯೊಬ್ಬರಲ್ಲೂ ಇರುತ್ತವೆ. ಆರೋಗ್ಯವಂತರಲ್ಲಿ ಅವು ತೊಂದರೆ ಕೊಡದಿರುವುದು ‘ನಿಯಂತ್ರಕ ಟಿ ಕೋಶ’ಗಳೆಂಬ ಕಾವಲುಗಾರರಿಂದಾಗಿ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು; ಈ ಕೋಶಗಳನ್ನು ರೂಪಿಸುವ ಫಾಕ್ಸ್‌ಪಿ3 ಜೀನನ್ನು ಪತ್ತೆಹಚ್ಚಿದ ಸಂಶೋಧನೆ ಅಮೆರಿಕದ ಮೇರಿ ಬ್ರಂಕೋವ್ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರದು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿದೆ.

ಆದುದರಿಂದ ಈ ರೋಗಗಳ ಮಟ್ಟಿಗೆ ‘ರೋಗನಿರೋಧಕ ಶಕ್ತಿ ಕಡಿಮೆಯಾಗಿದೆ, ಟಾನಿಕ್ ಕುಡಿದು ಹೆಚ್ಚಿಸಿಕೊಳ್ಳಬೇಕು’ ಎಂಬ ಸಲಹೆಗೆ ಅರ್ಥವಿಲ್ಲ. ಇಲ್ಲಿ ಶಕ್ತಿ ಕಡಿಮೆಯಾಗಿಲ್ಲ, ದಿಕ್ಕು ತಪ್ಪಿದೆ.

ಒಸಡಿನಲ್ಲಿ, ಶ್ವಾಸಕೋಶದಲ್ಲಿ ಆರಂಭ

ರುಮಟಾಯ್ಡ್ ಸಂಧಿವಾತವು ಕೀಲಿನಲ್ಲಿ ಕಾಣಿಸಿಕೊಂಡರೂ ಕೀಲಿನಲ್ಲಿ ಹುಟ್ಟುವುದಿಲ್ಲ ಎಂಬ ತಿಳಿವಳಿಕೆ ಕಳೆದ ಮೂರು ದಶಕಗಳಲ್ಲಿ ಬಲಗೊಂಡಿದೆ.

ಮೊದಲ ಅಂಶ ಆನುವಂಶಿಕತೆ. ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಕೆಲವು ರೂಪಗಳು ಇರುವವರಲ್ಲಿ ರೋಗದ ಸಾಧ್ಯತೆ ಹೆಚ್ಚು. ಆದರೂ ಜೀನು ವಿಧಿಲಿಖಿತವಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಇನ್ನೊಬ್ಬರಿಗೂ ಬರುವ ಪ್ರಮಾಣ ಶೇಕಡಾ 15ರ ಆಸುಪಾಸಿನಲ್ಲಿದೆ. ಜೀನುಗಳೆಲ್ಲ ಒಂದೇ ಆಗಿದ್ದರೂ ನೂರರಲ್ಲಿ ಎಂಬತ್ತೈದು ಜೋಡಿಗಳಲ್ಲಿ ಎರಡನೆಯವರು ಪಾರಾಗುತ್ತಾರೆಂದರೆ ಉಳಿದ ಕಾರಣಗಳನ್ನು ಹೊರಗಿನ ಪರಿಸರದಲ್ಲಿ ಮತ್ತು ಆಕಸ್ಮಿಕದಲ್ಲಿ ಹುಡುಕಬೇಕಾಗುತ್ತದೆ.

ಪರಿಸರದ ಕಾರಣಗಳಲ್ಲಿ ಅತ್ಯಂತ ಗಟ್ಟಿಯಾಗಿ ಸಾಬೀತಾಗಿರುವುದು ಬೀಡಿ, ಸಿಗರೇಟಿನ ಹೊಗೆ. ಹೊಗೆಯಿಂದ ಕೆರಳಿದ ಶ್ವಾಸಕೋಶದಲ್ಲಿ ಒಂದು ಕಿಣ್ವವು ಚುರುಕಾಗಿ, ಪ್ರೋಟೀನುಗಳಲ್ಲಿರುವ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಸಿಟ್ರುಲಿನ್ ಆಗಿ ಬದಲಾಯಿಸುತ್ತದೆ. ಈ ಚಿಕ್ಕ ಬದಲಾವಣೆಯಿಂದ ಪ್ರೋಟೀನಿನ ಚಹರೆಯೇ ಬೇರೆಯಾಗುತ್ತದೆ. ಮೇಲೆ ಹೇಳಿದ ಜೀನು ಇರುವವರ ರೋಗನಿರೋಧಕ ಕೋಶಗಳು ಇಂಥ ಬದಲಾದ ಪ್ರೋಟೀನನ್ನು ಸುಲಭವಾಗಿ ಎತ್ತಿ ಹಿಡಿದು ‘ಇದು ಅನ್ಯ’ ಎಂದು ಸಾರುತ್ತವೆ. ಅದರ ವಿರುದ್ಧ ಪ್ರತಿಕಾಯಗಳು ತಯಾರಾಗುತ್ತವೆ. ಒಸಡಿನ ದೀರ್ಘಕಾಲದ ಸೋಂಕಿನಲ್ಲೂ ಇಂಥದೇ ಬದಲಾವಣೆ ನಡೆಯುತ್ತದೆ. ಅಲ್ಲಿ ನೆಲೆಸುವ ಪಾರ್ಫೈರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಬಳಿಯೇ ಆ ಬಗೆಯ ಕಿಣ್ವವಿದೆ. ಜಗಿಯುವ ತಂಬಾಕಿನ ವಿಷಯದಲ್ಲಿ ಹೊಗೆಯಷ್ಟು ಗಟ್ಟಿ ಪುರಾವೆ ಇಲ್ಲ. ಅದು ಒಸಡನ್ನು ಕೆಡಿಸುತ್ತದೆ ಎಂಬುದಂತೂ ನಿಜ.

ಮೂರನೆಯದು ದೂಳು. ಕಲ್ಲು ಒಡೆಯುವ, ಕೊರೆಯುವ ಕೆಲಸದಲ್ಲಿ ಏಳುವ ಸಿಲಿಕಾ ದೂಳಿಗೂ ಸಂಧಿವಾತಕ್ಕೂ ನಂಟಿದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ದೂಳು ಕುಡಿದ ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರಲ್ಲಿ ಸಂಧಿವಾತದೊಡನೆ ಶ್ವಾಸಕೋಶದ ಗಂಟುಗಳೂ ಇರುವುದನ್ನು ಆಂಟನಿ ಕ್ಯಾಪ್ಲನ್ 1953ರಷ್ಟು ಹಿಂದೆಯೇ ವರದಿ ಮಾಡಿದ್ದರು. ಮಲೇಷ್ಯಾದ ಅಧ್ಯಯನವೊಂದು ಜವಳಿ ದೂಳಿನ ನಡುವೆ ದುಡಿದ ಮಹಿಳೆಯರಲ್ಲಿ ರೋಗದ ಸಾಧ್ಯತೆ ಹೆಚ್ಚಿರುವುದನ್ನು ತೋರಿಸಿತು. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ದೂಳು ಮಲೇಷ್ಯಾದ ನೂಲಿನ ಗಿರಣಿಯ ದೂಳಿಗೆ ಸಮವೆಂದು ತಕ್ಷಣ ಹೇಳಲಾಗದು. ಕಲ್ಲುಗಣಿಗಳೂ ಹತ್ತಿ ಮಿಲ್ಲುಗಳೂ ಅಕ್ಕಪಕ್ಕದಲ್ಲಿರುವ ಜಿಲ್ಲೆಯಲ್ಲಿ ಮೂಗಿಗೆ ಬಟ್ಟೆ ಕಟ್ಟುವುದನ್ನು ಮೀರಿದ ರಕ್ಷಣೆಯ ಬಗ್ಗೆ ಯೋಚಿಸಲು ಇಷ್ಟು ಮಾಹಿತಿ ಸಾಕು.

ಹೀಗೆ ಪ್ರತಿಕಾಯಗಳು ರಕ್ತದಲ್ಲಿ ಸೇರಿಕೊಂಡ ಮೇಲೂ ವ್ಯಕ್ತಿಗೆ ಏನೂ ಅನ್ನಿಸುವುದಿಲ್ಲ. ನೆದರ್ಲೆಂಡ್ಸ್ ಮತ್ತು ಸ್ವೀಡನ್ನಿನ ಸಂಶೋಧಕರು, ಮುಂದೆ ಸಂಧಿವಾತಕ್ಕೆ ತುತ್ತಾದವರು ಹಿಂದೆಂದೋ ನೀಡಿದ್ದ, ಶೀತಲಪೆಟ್ಟಿಗೆಯಲ್ಲಿ ಕಾದಿರಿಸಿದ್ದ ರಕ್ತವನ್ನು ತೆಗೆದು ಪರೀಕ್ಷಿಸಿದರು. ನೋವು ಆರಂಭವಾಗುವ ಹಲವು ವರ್ಷ ಮೊದಲೇ, ಕೆಲವರಲ್ಲಿ ಹತ್ತು ವರ್ಷದಷ್ಟು ಮುಂಚೆಯೇ, ಸಿಟ್ರುಲಿನ್ ವಿರೋಧಿ ಪ್ರತಿಕಾಯಗಳು ಅದರಲ್ಲಿದ್ದವು. 2003 ಮತ್ತು 2004ರಲ್ಲಿ ಪ್ರಕಟವಾದ ಈ ಫಲಿತಾಂಶಗಳು ರೋಗದ ಆರಂಭ ಯಾವುದು ಎಂಬ ಪ್ರಶ್ನೆಗೇ ಹೊಸ ಅರ್ಥ ನೀಡಿದವು.

ಕೀಲಿನೊಳಗೆ

ಕೀಲಿನ ಒಳಗೋಡೆಗೆ ಒಂದು ತೆಳುಪೊರೆ ಇದೆ. ಆರೋಗ್ಯವಂತರಲ್ಲಿ ಅದು ಒಂದೆರಡು ಕೋಶಗಳಷ್ಟು ಮಾತ್ರ ದಪ್ಪ. ಕೀಲಿಗೆ ಬೇಕಾದ ಜಾರುದ್ರವವನ್ನು ಒದಗಿಸುವುದು ಅದರ ಕೆಲಸ. ಒಂದು ದಿನ, ಯಾವುದೋ ಸೋಂಕಿನಿಂದಲೋ ಪೆಟ್ಟಿನಿಂದಲೋ ಅಥವಾ ತಿಳಿಯದ ಕಾರಣದಿಂದಲೋ, ಈ ಪೊರೆಯಲ್ಲಿ ಉರಿಯೂತ ಹೊತ್ತಿಕೊಳ್ಳುತ್ತದೆ. ಟಿ ಕೋಶಗಳು, ಬಿ ಕೋಶಗಳು, ಭಕ್ಷಕ ಕೋಶಗಳು ಅಲ್ಲಿ ಬಂದು ಬೀಡುಬಿಡುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ರಾಸಾಯನಿಕಗಳು ಇನ್ನಷ್ಟು ಕೋಶಗಳನ್ನು ಕರೆಯುತ್ತವೆ. ಪೊರೆ ದಪ್ಪವಾಗಿ, ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡು, ಪಾಚಿಯಂತೆ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಮೂಳೆಯನ್ನು ಕರಗಿಸುವ ಕೋಶಗಳು ಅದರ ಅಂಚಿನಲ್ಲಿ ಜಾಗೃತವಾಗುತ್ತವೆ. ಎಕ್ಸ್‌ರೇಯಲ್ಲಿ ಇಲಿ ಕಡಿದಂತೆ ಕಾಣುವ ಸವೆತ ಆಗುವುದು ಹೀಗೆ. ಚಿಕಿತ್ಸೆ ಇಲ್ಲದಿದ್ದರೆ ಮೊದಲ ಎರಡು ವರ್ಷಗಳಲ್ಲೇ ಬಹಳಷ್ಟು ಹಾನಿ ಆಗಿಬಿಡುತ್ತದೆ; ಆದ ಸವೆತವನ್ನು ಯಾವ ಔಷಧವೂ ಪೂರ್ಣವಾಗಿ ತುಂಬಲಾರದು.

ಕೀಲು ಊದಿದವರನ್ನು ಆರು ವಾರದೊಳಗೆ ವಾತರೋಗ ತಜ್ಞರು ನೋಡಬೇಕು, ಮೂರು ತಿಂಗಳೊಳಗೆ ಔಷಧ ಆರಂಭವಾಗಬೇಕು ಎಂದು ಯುರೋಪಿನ ವಾತರೋಗ ತಜ್ಞರ ಒಕ್ಕೂಟ ಹೇಳುವುದು ಈ ಕಾರಣಕ್ಕೆ. ರಾಯಚೂರು ಜಿಲ್ಲೆಯ ಮಟ್ಟಿಗೆ ಈ ಮೂರು ತಿಂಗಳನ್ನು ನುಂಗುವ ಎರಡು ಸಂಗತಿಗಳಿವೆ.

ನೀರಿನ ನೋವು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡ್ ಅಂತರ್ಜಲದಲ್ಲಿ ಕರಗುತ್ತದೆ. ದೇವದುರ್ಗ, ಮಾನ್ವಿ ಮತ್ತು ಲಿಂಗಸುಗೂರು ತಾಲ್ಲೂಕುಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿರುವುದು ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಬ್ಯೂರೊದ ನಿಯಮ.

ವರ್ಷಾನುಗಟ್ಟಲೆ ಇಂಥ ನೀರು ಕುಡಿದವರಲ್ಲಿ ಫ್ಲೋರೈಡ್ ಮೂಳೆಯ ಹರಳಿನೊಳಗೆ ಸೇರಿ ಅದನ್ನು ಗಟ್ಟಿಯಾಗಿಸುತ್ತದೆ, ಆದರೆ ಪೆಡಸಾಗಿಸುತ್ತದೆ. ಕೀಲುಗಳನ್ನು ಬಿಗಿಯುವ ಕಟ್ಟುಗಳಲ್ಲಿ ಸುಣ್ಣ ಸೇರಿ ಬೆನ್ನು, ಕುತ್ತಿಗೆ, ಸೊಂಟ ಬಗ್ಗದಂತಾಗುತ್ತವೆ. ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ. ಇಲ್ಲಿ ರೋಗನಿರೋಧಕ ವ್ಯವಸ್ಥೆಯ ತಪ್ಪೇನೂ ಇಲ್ಲ. ನೋವು ನಿಜ, ಬಿಗಿತ ನಿಜ. ಆದರೆ ಉರಿಯೂತ ಇಲ್ಲ.

ಎರಡನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ, ಕೇಳಿ ನೋಡುವ ವ್ಯವಧಾನ ಬೇಕು ಅಷ್ಟೆ. ಫ್ಲೋರೋಸಿಸ್‌ನಲ್ಲಿ ಬೆರಳಿನ ಗೆಣ್ಣುಗಳು ಮೆತ್ತಗೆ ಊದಿ ಬಿಸಿಯಾಗುವುದಿಲ್ಲ. ಅದೇ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳಿರುತ್ತವೆ. ಮೊಣಕಾಲು ಮಡಚದೆ ನೆಲದ ಮೇಲಿನ ನಾಣ್ಯ ಎತ್ತಲು, ಗದ್ದವನ್ನು ಎದೆಗೆ ತಾಗಿಸಲು, ಎರಡೂ ಕೈಗಳನ್ನು ತಲೆಯ ಹಿಂದೆ ಕೊಂಡೊಯ್ಯಲು ಆಗುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆಗಳಿವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಸೇರಿದ್ದರೆ ಎಕ್ಸ್‌ರೇ ಅದನ್ನು ಹೇಳುತ್ತದೆ. ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳು ಸಾಮಾನ್ಯವಾಗಿ ಏರುಪೇರಾಗಿರುವುದಿಲ್ಲ.

ತಪ್ಪು ಎರಡೂ ಕಡೆಯಿಂದ ಆಗಬಹುದು. ಫ್ಲೋರೋಸಿಸ್ ಇರುವವರಿಗೆ ಸಂಧಿವಾತದ ಔಷಧ ಕೊಟ್ಟರೆ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಬೇರೆ ನೀರು. ‘ನಮ್ಮೂರ ನೀರೇ ಹಾಗೆ’ ಎಂದು ಸುಮ್ಮನಾದ ಮಹಿಳೆಯ ಬೆರಳಿನಲ್ಲಿ ರುಮಟಾಯ್ಡ್ ಸಂಧಿವಾತ ಮೂಳೆ ತಿನ್ನುತ್ತಿದ್ದರೆ ನಷ್ಟ ಇನ್ನೂ ದೊಡ್ಡದು. ಒಬ್ಬರಿಗೇ ಎರಡೂ ಇರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಜ್ವರದ ನೋವು

ಇನ್ನೊಂದು ಸಂಗತಿ ಚಿಕೂನ್‌ಗುನ್ಯ. 1952–53ರಲ್ಲಿ ಇಂದಿನ ಟಾಂಜಾನಿಯಾದಲ್ಲಿ ಗುರುತಿಸಲ್ಪಟ್ಟ ಈ ಜ್ವರದ ಹೆಸರಿಗೆ ಅಲ್ಲಿಯ ಮಕೊಂಡೆ ಭಾಷೆಯಲ್ಲಿ ‘ಬಗ್ಗಿಸುವಂಥದ್ದು’ ಎಂಬ ಅರ್ಥವಿದೆ. 1963ರಲ್ಲಿ ಕಲ್ಕತ್ತೆಯಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡು ಮರೆಯಾಗಿದ್ದ ವೈರಸ್, ಮೂರು ದಶಕಗಳ ನಂತರ 2005ರ ಕೊನೆಯಲ್ಲಿ ಮರಳಿತು. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಊರಿಗೆ ಊರೇ ಹಾಸಿಗೆ ಹಿಡಿದ ಆ ವರ್ಷವನ್ನು ಮಧ್ಯವಯಸ್ಕರು ಇನ್ನೂ ಮರೆತಿಲ್ಲ.

ಜ್ವರ ವಾರದಲ್ಲಿ ಇಳಿಯುತ್ತದೆ, ಕೀಲುನೋವು ಇಳಿಯುವುದಿಲ್ಲ. ಬಹುಪಾಲು ಜನರಲ್ಲಿ ಅದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಶಮನವಾದರೆ, ಕೆಲವರಲ್ಲಿ ವರ್ಷ ದಾಟಿ ಉಳಿಯುತ್ತದೆ. ಬೆರಳು, ಮಣಿಕಟ್ಟು, ಪಾದದ ಕೀಲುಗಳು ಎರಡೂ ಬದಿಗೆ ಊದುವುದರಿಂದ ಇದು ರುಮಟಾಯ್ಡ್ ಸಂಧಿವಾತವನ್ನು ತದ್ವತ್ತಾಗಿ ಹೋಲುತ್ತದೆ. ಸಾಮಾನ್ಯವಾಗಿ ಸಿಟ್ರುಲಿನ್ ವಿರೋಧಿ ಪ್ರತಿಕಾಯ ಇಲ್ಲಿ ಇರುವುದಿಲ್ಲ, ಮೂಳೆ ಸವೆತವೂ ವಿರಳ. ತೊಂದರೆ ಇರುವುದು ನಂತರದಲ್ಲಿ. ಅಂದಿನ ಜ್ವರದ ನೆನಪು ಎಷ್ಟು ಗಾಢವೆಂದರೆ, ಬಳಿಕ ಬಂದ ಯಾವ ಕೀಲುನೋವನ್ನೂ ಅದರ ಖಾತೆಗೇ ಬರೆಯುವುದು ರೂಢಿಯಾಯಿತು. ಜ್ವರವಿಲ್ಲದೆ ಆರಂಭವಾದ ಅಥವಾ ಮೂರು ತಿಂಗಳು ಕಳೆದರೂ ಊತ ಇಳಿಯದ ಕೀಲನ್ನು ಪರೀಕ್ಷೆಗೆ ಒಡ್ಡಬೇಕು.

ಬಂಧುಬಳಗ

ಇದೇ ಕುಟುಂಬದ ಇತರ ರೋಗಗಳು ಹುಟ್ಟುವ ಬಗೆ ಬೇರೆ ಬೇರೆ. ಲೂಪಸ್‌ನಲ್ಲಿ ಪ್ರತಿಕಾಯಗಳು ಕೋಶದ ಬೀಜಕೇಂದ್ರದ ವಿರುದ್ಧವೇ ತಯಾರಾಗಿ, ಚರ್ಮದಿಂದ ಮೂತ್ರಪಿಂಡದವರೆಗೆ ಎಲ್ಲಿಯಾದರೂ ಹಾನಿ ಮಾಡುತ್ತವೆ. ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಬಿಸಿಲಿನ ಅತಿನೇರಳೆ ಕಿರಣ ರೋಗವನ್ನು ಕೆರಳಿಸುತ್ತದೆ ಎಂಬುದು ಬಿಸಿಲನಾಡಿನವರಿಗೆ ತಿಳಿದಿರಬೇಕಾದ ಮಾತು. ಯುವಕರ ಬೆನ್ನುಹುರಿಯ ಕೀಲುಗಳನ್ನು ಬೆಸೆದುಬಿಡುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ಎಚ್‌ಎಲ್‌ಎ-ಬಿ27 ಜೀನಿನ ನಂಟು ಇರುವುದು 1973ರಿಂದ ಗೊತ್ತು. ವಿಶ್ರಾಂತಿಯಲ್ಲಿ ಹೆಚ್ಚಾಗಿ ನಡೆದಾಡಿದರೆ ಕಡಿಮೆಯಾಗುವುದು ಈ ಬೆನ್ನುನೋವಿನ ಗುರುತು. ಫ್ಲೋರೋಸಿಸ್‌ನೊಂದಿಗೆ ಹೆಚ್ಚು ಗೊಂದಲವಾಗುವುದು ಇದೇ. ಮಕ್ಕಳ ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುವುದೇ ಅನಾಹುತಕ್ಕೆ ಕಾರಣ. ಗೌಟ್ ಸ್ವಯಂನಿರೋಧಕ ರೋಗವಲ್ಲ. ಯೂರಿಕ್ ಆಮ್ಲದ ಹರಳುಗಳು ಎಬ್ಬಿಸುವ ಉರಿಯೂತ.

ಪ್ರಯೋಗಾಲಯಗಳಲ್ಲಿ ‘ಆರ್ಥ್ರೈಟಿಸ್ ಪ್ಯಾಕೇಜ್’ ಹೆಸರಿನಲ್ಲಿ ಇವೆಲ್ಲದರ ಪರೀಕ್ಷೆಗಳನ್ನೂ ಒಟ್ಟಿಗೆ ಮಾಡುವ ಪದ್ಧತಿಯಿದೆ. ಎಎಸ್‌ಒ ಹೆಚ್ಚಿದ ಮಾತ್ರಕ್ಕೆ ರುಮ್ಯಾಟಿಕ್ ಜ್ವರವೆಂದೂ, ಆರ್‌ಎ ಫ್ಯಾಕ್ಟರ್ ಇದ್ದ ಮಾತ್ರಕ್ಕೆ ಸಂಧಿವಾತವೆಂದೂ ತೀರ್ಮಾನಿಸುವುದು ಸರಿಯಲ್ಲ. ಕ್ಷಯ, ಕುಷ್ಠರೋಗಗಳಲ್ಲೂ, ಆರೋಗ್ಯವಂತ ವೃದ್ಧರಲ್ಲೂ ಆರ್‌ಎ ಫ್ಯಾಕ್ಟರ್ ಕಾಣಬಹುದು. ಕೀಲನ್ನು ಕೈಯಿಂದ ಮುಟ್ಟಿ ನೋಡಿದ ವೈದ್ಯರ ಮಾತಿಗೇ ತೂಕ ಹೆಚ್ಚು.

ಸೂಜಿ ಮತ್ತು ಗುಳಿಗೆ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್, ಹಾಸಿಗೆ ಹಿಡಿದಿದ್ದ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ರೋಗಿ ಎದ್ದು ನಡೆದಾಡಿದ್ದು ಜಗತ್ತನ್ನು ಬೆರಗುಗೊಳಿಸಿತು. ಎರಡೇ ವರ್ಷಗಳಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅಷ್ಟರಲ್ಲಿ ಅಡ್ಡಪರಿಣಾಮಗಳೂ ಗೋಚರಿಸತೊಡಗಿದ್ದವು: ಮುಖ ಊದುವುದು, ಸಕ್ಕರೆ ಕಾಯಿಲೆ, ಮೂಳೆ ಟೊಳ್ಳಾಗುವುದು, ಸೋಂಕು. ಅನುಭವಿ ವೈದ್ಯರು ಸ್ಟಿರಾಯ್ಡನ್ನು ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ ಬಳಸುತ್ತಾರೆ. ಹಳ್ಳಿಗಳಲ್ಲಿ ‘ವಾಯುವಿನ ಸೂಜಿ’ ಎಂದು ಕೊಡುವ ಚುಚ್ಚುಮದ್ದಿನಲ್ಲಿ ಇರುವುದು ಬಹುತೇಕ ಇದೇ. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲೂ ಸ್ಟಿರಾಯ್ಡ್ ಬೆರೆತಿರುವುದು ದೇಶದ ಹಲವೆಡೆ ಪರೀಕ್ಷೆಗಳಲ್ಲಿ ಕಂಡುಬಂದಿದೆ. ನೋವು ಮಾಯವಾಗುವುದರಿಂದ ಜನ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ಇದನ್ನು ಅಜ್ಞಾನವೆಂದು ಹಳಿಯುವುದು ಸುಲಭ. ನಾಟಿಯ ವೇಳೆ ಕೂಲಿ ತಪ್ಪಿಸಿಕೊಂಡು ದೂರದ ತಜ್ಞರ ಬಳಿ ಹೋಗುವ ಖರ್ಚನ್ನು ಲೆಕ್ಕ ಹಾಕಿದರೆ ಅಷ್ಟು ಸುಲಭವಲ್ಲ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ‘ಒಪೆಕ್ ಆಸ್ಪತ್ರೆ’ ಎಂದೇ ಕರೆಯಲಾಗುವ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿದೆ. ಆದರೂ ಏಮ್ಸ್ ಬೇಕೆಂದು 2022ರಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿದ್ದರ ಹಿಂದೆ ಇಂಥ ಅಲೆದಾಟಗಳ ಅನುಭವವೂ ಇದೆ.

ರೋಗದ ಗತಿಯನ್ನೇ ತಡೆಯುವ ಔಷಧಗಳಲ್ಲಿ ಮೊದಲನೆಯದು ಮೆಥೊಟ್ರೆಕ್ಸೇಟ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಇದನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಕ್ಯಾನ್ಸರ್‌ಗೆಂದು ಬಂದ ಔಷಧಕ್ಕೆ ಸಂಧಿವಾತದ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಅನುಮತಿ ದೊರೆತದ್ದು 1988ರಲ್ಲಿ, ಸುಬ್ಬರಾವ್ ತೀರಿಕೊಂಡ ನಲವತ್ತು ವರ್ಷಗಳ ನಂತರ. ಟಿಎನ್‌ಎಫ್ ಅನ್ನು ತಡೆಯುವ ದುಬಾರಿ ಚುಚ್ಚುಮದ್ದುಗಳು ಆಮೇಲೆ ಬಂದವು. ಈಗಲೂ ಚಿಕಿತ್ಸೆ ಆರಂಭವಾಗುವುದು ಸಾಮಾನ್ಯವಾಗಿ ಈ ಅಗ್ಗದ ಗುಳಿಗೆಯಿಂದಲೇ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಸೂಜಿಯ ವೇಗಕ್ಕೆ ಒಗ್ಗಿದವರು ನಡುವೆಯೇ ಬಿಟ್ಟುಬಿಡುವುದುಂಟು. ರಕ್ತ ಮತ್ತು ಯಕೃತ್ತಿನ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು, ಮದ್ಯ ವರ್ಜಿಸಬೇಕು, ಗರ್ಭಿಣಿಯರು ಮತ್ತು ಗರ್ಭ ಧರಿಸಬಯಸುವವರು ಸೇವಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಗುಳಿಗೆ. ದಿನವೂ ನುಂಗಿ ಪ್ರಾಣ ಕಳೆದುಕೊಂಡ ಉದಾಹರಣೆಗಳು ಇರುವುದರಿಂದ, ಚೀಟಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ಒಳಿತು.